ಹೊಟ್ಟೆಯ ಹಳೆಯ ಆಪರೇಷನ್ ಮತ್ತು ಉಳಿದ ಜಠರದ ಎಚ್ಚರ



ನಿಮ್ಮ ಊರಿನಲ್ಲಿ ಅರವತ್ತೈದು, ಎಪ್ಪತ್ತು ದಾಟಿದ ಹಿರಿಯರ ಪೈಕಿ ಒಬ್ಬಿಬ್ಬರ ಹೊಟ್ಟೆಯ ಮೇಲೆ, ಎದೆಗೂಡಿನ ಕೆಳಗಿನಿಂದ ಹೊಕ್ಕುಳಿನವರೆಗೆ ನೆಟ್ಟಗೆ ಇಳಿದ ಹಳೆಯ ಹೊಲಿಗೆಯ ಗುರುತನ್ನು ನೀವು ನೋಡಿರಬಹುದು. ಬಾವಿಯ ಬಳಿ ಮೀಯುವಾಗಲೋ, ಕಣದಲ್ಲಿ ಅಂಗಿ ತೆಗೆದಿಟ್ಟು ನಿಂತಾಗಲೋ ಅದು ಕಾಣುತ್ತದೆ. ಏನೆಂದು ಕೇಳಿದರೆ, "ಹೊಟ್ಟೆ ಹುಣ್ಣಿನ ಆಪರೇಷನ್ ಕಣಪ್ಪ, ಆಗಿ ಮೂವತ್ತು ನಲವತ್ತು ವರ್ಷವಾಯಿತು" ಎಂದು ಹೇಳಿ ಬೇರೆ ಮಾತಿಗೆ ಹೋಗುತ್ತಾರೆ. ಅವರ ಪಾಲಿಗೆ ಅದು ಮುಗಿದುಹೋದ ಕಥೆ. ಆದರೆ ವೈದ್ಯರ ದೃಷ್ಟಿಯಲ್ಲಿ ಅದು ಪೂರ್ತಿ ಮುಗಿದಿರುವುದಿಲ್ಲ. ಹೊಟ್ಟೆಯ ಒಂದು ಭಾಗವನ್ನು ಕತ್ತರಿಸಿ ತೆಗೆದವರಲ್ಲಿ, ಉಳಿದ ಭಾಗದಲ್ಲಿ ಬಹಳ ವರ್ಷಗಳ ನಂತರ ಕ್ಯಾನ್ಸರ್ ಹುಟ್ಟುವ ಸಂಭವ ಸ್ವಲ್ಪ ಹೆಚ್ಚು. ಇದು ಏಕೆ, ಹೇಗೆ, ಮನೆಯವರು ಏನು ಮಾಡಬೇಕು ಎಂಬುದೇ ಈ ಸಲದ ಪಾಠ.

ಮೊದಲೇ ಒಂದು ಮಾತು. ಇದನ್ನು ಓದಿ ಯಾರೂ ಹೆದರಬೇಕಾಗಿಲ್ಲ. ಇಂತಹ ಆಪರೇಷನ್ ಆದವರಲ್ಲಿ ಬಹುಪಾಲು ಜನರಿಗೆ ಈ ರೋಗ ಬರುವುದೇ ಇಲ್ಲ. ಅವರು ಮುಪ್ಪಿನವರೆಗೂ ಬದುಕಿ ಬೇರೆ ಕಾರಣಗಳಿಂದ ತೀರಿಕೊಳ್ಳುತ್ತಾರೆ. ಆದರೆ ಬಂದ ಕೆಲವರಲ್ಲಿ ಅದು ತಡವಾಗಿ ಗೊತ್ತಾಗುವುದೇ ದೊಡ್ಡ ನಷ್ಟ. ಹಾಗೆ ತಡವಾಗಲು ಅರ್ಧ ಕಾರಣ, ಹಳೆಯ ಆಪರೇಷನ್ನಿನ ವಿಷಯವನ್ನು ಯಾರೂ ಯಾರಿಗೂ ಹೇಳದೆ ಇರುವುದು.

ಆಗ ಏಕೆ ಇಷ್ಟೊಂದು ಆಪರೇಷನ್ ಆಗುತ್ತಿದ್ದವು?

ದಕ್ಷಿಣ ಭಾರತದಲ್ಲಿ ಸಣ್ಣ ಕರುಳಿನ ಮೊದಲ ಭಾಗದ ಹುಣ್ಣು ಹಿಂದೆ ಬಹಳ ಸಾಮಾನ್ಯವಾಗಿತ್ತು. ಹಸಿದಾಗ ನೋವು, ನಡುರಾತ್ರಿ ಎದ್ದು ಕೂರಿಸುವ ಉರಿ, ಉಂಡ ಮೇಲೆ ಒಂದಿಷ್ಟು ಸಮಾಧಾನ, ಇವು ಅದರ ಲಕ್ಷಣ. ವರ್ಷಗಟ್ಟಲೆ ಹುಣ್ಣು ಮಾಗಿ ಒಡೆದು, ಮತ್ತೆ ಮಾಗಿ, ಕೊನೆಗೆ ಹೊಟ್ಟೆಯಿಂದ ಕರುಳಿಗೆ ಹೋಗುವ ದಾರಿಯೇ ಕಟ್ಟಿಹೋಗುತ್ತಿತ್ತು. ಬೆಳಗ್ಗೆ ಉಂಡ ಮುದ್ದೆ ಸಂಜೆಗೆ ಹಾಗೆಯೇ ವಾಂತಿಯಾಗುತ್ತಿತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ನಮ್ಮ ಜನ ಮಿಷನ್ ಆಸ್ಪತ್ರೆ ಎನ್ನುವ ಜಾಗದಲ್ಲಿ, 1950 ಮತ್ತು 1960ರ ದಶಕಗಳಲ್ಲಿ ಫ್ರಾಂಕ್ ಟೋವಿ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯರು ಕೆಲಸ ಮಾಡುತ್ತಿದ್ದರು. ಇಂತಹ ರೋಗಿಗಳನ್ನು ಕಂಡು ಕಂಡು ಅವರಿಗೆ ಕುತೂಹಲ ಹುಟ್ಟಿತು. ಪಾಲಿಶ್ ಮಾಡಿದ ಅಕ್ಕಿಯನ್ನೇ ಹೆಚ್ಚಾಗಿ ಉಣ್ಣುವ ಸೀಮೆಗಳಲ್ಲಿ ಈ ಹುಣ್ಣು ಹೆಚ್ಚು, ತವುಡು ತೆಗೆಯದ ಗೋಧಿ ಮತ್ತು ಕಿರುಧಾನ್ಯ ತಿನ್ನುವ ಸೀಮೆಗಳಲ್ಲಿ ಕಡಿಮೆ ಎಂದು ಅವರು ಮುಂದೆ ಬರೆದರು. ರಾಗಿ ಬೆಳೆಯುವ ನಮಗೆ ಇದು ಕೇಳಲು ಹಿತವಾದ ಮಾತೇ. ಆದರೆ ಊಟ ಒಂದೇ ಕಾರಣವಲ್ಲ ಎಂಬುದು ಆಮೇಲೆ ತಿಳಿಯಿತು.

ಆ ಕಾಲದಲ್ಲಿ ಹುಣ್ಣಿಗೆ ಒಳ್ಳೆಯ ಔಷಧವಿರಲಿಲ್ಲ. ಹುಣ್ಣಿಗೆ ಆಮ್ಲವೇ ಕಾರಣವೆಂದು ತಿಳಿದು, ಆಮ್ಲ ಹುಟ್ಟುವುದನ್ನು ತಗ್ಗಿಸಲು ಹೊಟ್ಟೆಯ ಕೆಳಭಾಗವನ್ನು ಕತ್ತರಿಸಿ ತೆಗೆಯುತ್ತಿದ್ದರು. ಇಲ್ಲವೇ ಆಮ್ಲಕ್ಕೆ ಅಪ್ಪಣೆ ಕೊಡುವ ನರವನ್ನು ಕತ್ತರಿಸಿ, ಹೊಟ್ಟೆಯ ಪಕ್ಕಕ್ಕೆ ಕರುಳಿನ ಒಂದು ಮಡಿಕೆಯನ್ನು ತಂದು ಹೊಲಿದು ಹೊಸ ದಾರಿ ಮಾಡುತ್ತಿದ್ದರು. ನಮ್ಮ ಕಡೆ ಈ ಎರಡನೆಯದು ಬಹಳ ಜನರಿಗೆ ಆಗಿದೆ. 1970ರ ದಶಕದ ಕೊನೆಯಿಂದ ಆಮ್ಲ ತಗ್ಗಿಸುವ ಒಳ್ಳೆಯ ಮಾತ್ರೆಗಳು ಬಂದವು. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ಇಬ್ಬರು ವೈದ್ಯರು 1980ರ ದಶಕದಲ್ಲಿ, ಹುಣ್ಣಿಗೆ ಹೆಚ್ಚಾಗಿ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಸೂಕ್ಷ್ಮಾಣು ಕಾರಣವೆಂದು ತೋರಿಸಿಕೊಟ್ಟರು. 2005ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಈಗ ಹತ್ತು ಹದಿನಾಲ್ಕು ದಿನದ ಮಾತ್ರೆಗಳಿಂದ ವಾಸಿಯಾಗುವ ಹುಣ್ಣಿಗೆ ಅಂದಿನವರು ಹೊಟ್ಟೆಯನ್ನೇ ಕೊಯ್ಯಿಸಿಕೊಂಡರಲ್ಲ ಎಂದು ಮರುಕ ಪಡಬೇಡಿ. ಆ ಆಪರೇಷನ್ ಇಲ್ಲದಿದ್ದರೆ ಅವರಲ್ಲಿ ಎಷ್ಟೋ ಮಂದಿ ಆಗಲೇ ಹೋಗಿಬಿಡುತ್ತಿದ್ದರು.

ಕತ್ತರಿಸಿದ್ದು ಏನು, ಉಳಿದದ್ದು ಏನು?

ಜಠರವೆಂದರೆ ಒಂದು ತೊಗಲಿನ ಚೀಲ ಎಂದುಕೊಳ್ಳಿ. ಮೇಲುಭಾಗದಲ್ಲಿ ಆಮ್ಲ ಊರುತ್ತದೆ. ಕೆಳಭಾಗದ ಗೋಡೆಯಿಂದ ಗ್ಯಾಸ್ಟ್ರಿನ್ ಎಂಬ ರಸವೊಂದು ಹೊರಟು, ರಕ್ತದ ಮೂಲಕ ಸುತ್ತಿ ಬಂದು, ಮೇಲುಭಾಗಕ್ಕೆ "ಆಮ್ಲ ಬಿಡು" ಎಂದು ಹೇಳುತ್ತದೆ. ಒಳಪೊರೆಯನ್ನು ದಪ್ಪವಾಗಿ, ಆರೋಗ್ಯವಾಗಿ ಇಡುವುದೂ ಅದರ ಕೆಲಸವೇ. ಚೀಲದ ಬಾಯಿ ಕರುಳಿಗೆ ಕೂಡುವಲ್ಲಿ ಬಿಗಿಯಾದ ಒಂದು ಉಂಗುರವಿದೆ. ಅದು ಕೆರೆಯ ತೂಬಿನಂತೆ. ಹದವಾಗಿ ಅರೆದ ಅನ್ನವನ್ನು ಸ್ವಲ್ಪಸ್ವಲ್ಪವಾಗಿ ಕೆಳಕ್ಕೆ ಬಿಡುತ್ತದೆ, ಕೆಳಗಿನದು ಮೇಲಕ್ಕೆ ಬಾರದಂತೆ ತಡೆಯುತ್ತದೆ.

ಆ ತೂಬನ್ನು ದಾಟಿದೊಡನೆ, ಸುಮಾರು ಒಂದು ಗೇಣುದ್ದದ ಕರುಳಿನೊಳಕ್ಕೆ ಯಕೃತ್ತಿನಿಂದ ಪಿತ್ತರಸವೂ ಮೇದೋಜೀರಕ ಗ್ರಂಥಿಯಿಂದ ಮತ್ತೊಂದು ರಸವೂ ಬಂದು ಬೀಳುತ್ತವೆ. ಇವು ಕ್ಷಾರಗುಣದವು, ಕೊಬ್ಬನ್ನೂ ಮಾಂಸವನ್ನೂ ಕರಗಿಸುವಂಥವು. ಕರುಳಿನ ಒಳಪೊರೆ ಅದನ್ನು ತಾಳಿಕೊಳ್ಳುವಂತೆ ರಚಿತವಾಗಿದೆ, ಜಠರದ ಒಳಪೊರೆ ಹಾಗಿಲ್ಲ.

ಜಠರದ ಒಂದು ಭಾಗವನ್ನು ತೆಗೆದು ರೋಗಿಯನ್ನು ಉಳಿಸಿದ ಮೊದಲನೆಯ ವೈದ್ಯರು ವಿಯೆನ್ನಾ ನಗರದ ಥಿಯೋಡೋರ್ ಬಿಲ್‌ರೋತ್. ಆ ದಿನ 1881ರ ಜನವರಿ 29. ಅದು ಹುಣ್ಣಿಗಾಗಿ ಅಲ್ಲ, ಕ್ಯಾನ್ಸರಿಗಾಗಿಯೇ ಮಾಡಿದ್ದು. ಉಳಿದ ಜಠರವನ್ನು ಅವರು ನೇರವಾಗಿ ಕರುಳಿನ ಮೊದಲ ಭಾಗಕ್ಕೇ ಸೇರಿಸಿ ಹೊಲಿದರು. 1885ರಲ್ಲಿ ಅವರೇ ಇನ್ನೊಂದು ಬಗೆಯನ್ನು ಮಾಡಿದರು. ಕರುಳಿನ ಮೊದಲ ಭಾಗದ ಬಾಯಿಯನ್ನು ಹೊಲಿದು ಮುಚ್ಚಿ, ಉಳಿದ ಜಠರವನ್ನು ಇನ್ನೂ ಕೆಳಗಿನ ಕರುಳಿಗೆ ಸೇರಿಸುವುದು. ಈ ಎರಡೂ ಬಗೆಗಳು ಅವರ ಹೆಸರಿನಿಂದಲೇ ಪ್ರಪಂಚವೆಲ್ಲ ನಡೆದುಬಂದಿವೆ.

ಎರಡನೆಯ ಬಗೆಯಲ್ಲಿ ನೀರಿನ ದಾರಿ ಹೇಗಾಯಿತು ನೋಡಿ. ಪಿತ್ತರಸ ತನ್ನ ಹಳೆಯ ಕಾಲುವೆಯಲ್ಲಿ ಇಳಿದು ಬರುತ್ತದೆ, ಮುಂದೆ ಹೋಗುವ ಮುನ್ನ ಹೊಸದಾಗಿ ಹೊಲಿದ ಬಾಯಿಯ ಮುಂದೆಯೇ ಹಾಯಬೇಕು. ಅಲ್ಲಿ ತೂಬು ಇಲ್ಲ. ಆದುದರಿಂದ ಅದರಲ್ಲಿ ಒಂದು ಪಾಲು ಜಠರದೊಳಕ್ಕೆ ನುಗ್ಗುತ್ತದೆ. ಹಗಲೂ ರಾತ್ರಿ, ವರ್ಷಾನುವರ್ಷ ಹೀಗೆಯೇ. ಇಂತಹವರಲ್ಲಿ ಕೆಲವರಿಗೆ ಬೆಳಗ್ಗೆ ಕಹಿಯಾದ ಹಳದಿ ನೀರು ವಾಂತಿಯಾಗುವುದುಂಟು. ಅದು ಈ ಹಿಮ್ಮುಖ ಹರಿವಿನ ಗುರುತು. ಮೊದಲನೆಯ ಬಗೆಯಲ್ಲೂ ತೂಬು ಹೋಗಿರುವುದರಿಂದ ಪಿತ್ತ ಬರುತ್ತದೆ, ಆದರೆ ಇಷ್ಟಲ್ಲ. ಜಠರವನ್ನು ಕತ್ತರಿಸದೆ ಕರುಳನ್ನು ಪಕ್ಕಕ್ಕೆ ಹೊಲಿದವರಲ್ಲೂ ಪಿತ್ತ ಒಳಕ್ಕೆ ಬರುವುದರಿಂದ, ಮುಂದೆ ಹೇಳುವ ಎಚ್ಚರ ಅವರಿಗೂ ಇರಲಿ.

ಕ್ಯಾನ್ಸರ್ ಹುಟ್ಟುವ ಬಗೆ

ಒಳ್ಳೆಯ ರಾಗಿ ಹೊಲವೊಂದಿದೆ ಎಂದು ಭಾವಿಸಿ. ಪಕ್ಕದ ಕಾಲುವೆ ಒಡೆದು ಆ ಹೊಲಕ್ಕೆ ಸದಾ ನೀರು ಜಿನುಗುತ್ತದೆ. ಮೊದಲ ವರ್ಷ ಪೈರು ಸ್ವಲ್ಪ ಹಳದಿಯಾಗುತ್ತದೆ. ಕೆಲವು ವರ್ಷ ಕಳೆದರೆ ನೆಲ ಜೌಗಾಗಿ, ಬಿತ್ತಿದ ರಾಗಿ ಏಳುವುದೇ ಇಲ್ಲ, ಅದರ ಜಾಗದಲ್ಲಿ ಕೆರೆಯಂಗಳದ ಜೊಂಡು ತಾನೇ ಹುಟ್ಟುತ್ತದೆ. ಯಾರೂ ಜೊಂಡನ್ನು ಬಿತ್ತಲಿಲ್ಲ. ನೆಲದ ಗುಣ ಬದಲಾದುದರಿಂದ ಬೆಳೆಯೂ ಬದಲಾಯಿತು. ಉಳಿದ ಜಠರದಲ್ಲಿ ನಡೆಯುವುದು ಹೆಚ್ಚುಕಡಿಮೆ ಹೀಗೆಯೇ.

ಪಿತ್ತರಸ ತಗುಲಿ ತಗುಲಿ, ಹೊಲಿಗೆಯ ಅಂಚಿನ ಒಳಪೊರೆ ಕೆಂಪಾಗಿ ಊದಿಕೊಳ್ಳುತ್ತದೆ. ದೇಹ ಸುಮ್ಮನಿರುವುದಿಲ್ಲ, ಸವೆದ ಜಾಗಕ್ಕೆ ಹೊಸ ಜೀವಕಣಗಳನ್ನು ಬೇಗಬೇಗನೆ ತುಂಬುತ್ತ ಹೋಗುತ್ತದೆ. ಜೀವಕಣ ಒಂದು ಎರಡಾಗುವ ಪ್ರತಿಯೊಂದು ಸಲವೂ ತನ್ನೊಳಗಿನ ವಂಶದ ಬರಹವನ್ನು ನಕಲು ಮಾಡಬೇಕು. ನಕಲು ಹೆಚ್ಚಾದಷ್ಟೂ ತಪ್ಪು ಹೆಚ್ಚು. ಇದು ನಮ್ಮ ಕಂದಾಯದ ಪುಸ್ತಕಕ್ಕೂ ಸಲ್ಲುವ ಮಾತು.

ಇದರ ಜೊತೆಗೆ ಇನ್ನೊಂದು ಕೇಡು ಸೇರುತ್ತದೆ. ಕೆಳಭಾಗವನ್ನು ತೆಗೆದುದರಿಂದ ಗ್ಯಾಸ್ಟ್ರಿನ್ ಕಡಿಮೆಯಾಯಿತು, ಹಲವರಲ್ಲಿ ನರವೂ ಹೋಯಿತು. ಆದುದರಿಂದ ಆಮ್ಲ ಬಹಳ ತಗ್ಗಿತು, ಒಳಪೊರೆಯೂ ತೆಳುವಾಗುತ್ತ ಬಂತು. ಹುಣ್ಣಿಗೆ ಅದೇ ಬೇಕಾಗಿತ್ತು, ನಿಜ. ಆದರೆ ಆಮ್ಲವೆಂಬುದು ಹೊಟ್ಟೆಯ ಕಾವಲುಗಾರ ಕೂಡ. ನಾವು ನುಂಗುವ ಅನ್ನ ನೀರಿನ ಜೊತೆ ಬರುವ ಸೂಕ್ಷ್ಮಾಣುಗಳನ್ನು ಕೊಲ್ಲುವುದು ಅದೇ. ಕಾವಲಿಲ್ಲದ ಹೊಲಕ್ಕೆ ದನ ನುಗ್ಗಿದಂತೆ, ಆಮ್ಲವಿಲ್ಲದ ಹೊಟ್ಟೆಯಲ್ಲಿ ಸೂಕ್ಷ್ಮಾಣುಗಳು ಬೀಡುಬಿಡುತ್ತವೆ. ಆಹಾರದಲ್ಲೂ ನೀರಿನಲ್ಲೂ ನೈಟ್ರೇಟ್ ಎಂಬ ಲವಣ ಇರುತ್ತದೆ. ಯೂರಿಯಾ ಮತ್ತಿತರ ಸಾರಜನಕ ಗೊಬ್ಬರ ಹೆಚ್ಚು ಸುರಿದ ಕಡೆ ಬಾವಿಯ ನೀರಿನಲ್ಲಿ ಅದು ಹೆಚ್ಚುವುದು ನಿಮಗೆ ಗೊತ್ತಿರಬಹುದು. ಈ ಸೂಕ್ಷ್ಮಾಣುಗಳು ನೈಟ್ರೇಟನ್ನು ನೈಟ್ರೈಟಾಗಿ ಮಾರ್ಪಡಿಸುತ್ತವೆ. ಅದು ಆಹಾರದ ಬೇರೆ ವಸ್ತುಗಳ ಜೊತೆ ಕೂಡಿದರೆ ನೈಟ್ರೊಸೊ ಎಂಬ ಜಾತಿಯ ವಸ್ತುಗಳು ಹುಟ್ಟುತ್ತವೆ. ಪ್ರಯೋಗದ ಪ್ರಾಣಿಗಳಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳಲ್ಲಿ ಇವು ಹೆಸರಾದವು.

ಹಿಮ್ಮುಖ ಹರಿವು ಎಷ್ಟು ಕೇಡು ಮಾಡಬಲ್ಲದೆಂಬುದನ್ನು 1980ರ ದಶಕದಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ತೋರಿಸಿದವು. ಕರುಳಿನ ರಸ ಹೊಟ್ಟೆಗೆ ಬರುವಂತೆ ಆಪರೇಷನ್ ಮಾಡಿದ ಇಲಿಗಳಿಗೆ ಯಾವ ವಿಷವಸ್ತುವನ್ನೂ ಕೊಡದಿದ್ದರೂ, ಕೆಲವಕ್ಕೆ ಕ್ಯಾನ್ಸರ್ ಬಂತು.

ಒಳಪೊರೆಯ ಬದಲಾವಣೆ ಒಂದೇ ದಿನದಲ್ಲಿ ಆಗುವುದಿಲ್ಲ. ಮೊದಲು ಊತ, ಆಮೇಲೆ ಒಳಪೊರೆ ಸವೆಯುವುದು. ಮುಂದೆ ಜಠರದ ಜೀವಕಣಗಳ ಜಾಗದಲ್ಲಿ ಕರುಳಿನ ಜಾತಿಯ ಜೀವಕಣಗಳು ಹುಟ್ಟುವುದು; ಇದೇ ನಾನು ಹೇಳಿದ ಜೊಂಡು. ಅನಂತರ ಆ ಜೀವಕಣಗಳು ಅಂಕೆ ತಪ್ಪಿ ಅಡ್ಡಾದಿಡ್ಡಿ ಬೆಳೆಯುವುದು. ಕೊನೆಗೆ, ಕೆಲವರಲ್ಲಿ ಮಾತ್ರ, ಕ್ಯಾನ್ಸರ್. ಈ ಮೆಟ್ಟಿಲುಗಳನ್ನು ಸಾಮಾನ್ಯ ಜಠರದಲ್ಲಿ ಗುರುತಿಸಿ 1975ರಲ್ಲಿ ವಿವರಿಸಿದವರು ಕೊಲಂಬಿಯಾ ದೇಶದಲ್ಲಿ ಹುಟ್ಟಿದ ಪೆಲಾಯೊ ಕೊರೆಯಾ ಎಂಬ ವೈದ್ಯರು. ಕತ್ತರಿಸಿದ ಜಠರದಲ್ಲಿ ಈ ದಾರಿ ಹೊಲಿಗೆಯ ಸುತ್ತಮುತ್ತ ಬೇಗ ಸವೆಯುತ್ತದೆ. ಎರಡನೆಯ ಬಗೆಯ ಆಪರೇಷನ್ ಆದವರಲ್ಲಿ ಗಂತಿ ಹೆಚ್ಚಾಗಿ ಹೊಲಿದ ಬಾಯಿಯ ಹತ್ತಿರವೇ ಏಳುತ್ತದೆ. ಹೆಲಿಕೊಬ್ಯಾಕ್ಟರ್ ಸೂಕ್ಷ್ಮಾಣು ಉಳಿದ ಭಾಗದಲ್ಲಿ ಇನ್ನೂ ಇದ್ದರೆ ಅದೂ ಈ ಕೆಲಸಕ್ಕೆ ಕೈಗೂಡಿಸುತ್ತದೆ. ಬೀಡಿ, ಸಿಗರೇಟು ಸೇದುವುದು ಜಠರದ ಕ್ಯಾನ್ಸರಿಗೆ ಬೇರೆಯೇ ಒಂದು ಕಾರಣ. ಇಲ್ಲಿಯೂ ಅದಕ್ಕೆ ವಿನಾಯಿತಿ ಇಲ್ಲ.

ಎಷ್ಟು ಕಾಲಕ್ಕೆ?

ಹುಣ್ಣಿಗೆಂದು ಜಠರ ಕತ್ತರಿಸಿದವರಲ್ಲಿ ಆಮೇಲೆ ಕ್ಯಾನ್ಸರ್ ಕಂಡುದನ್ನು ಅಮೆರಿಕದ ಮೇಯೋ ಕ್ಲಿನಿಕ್ ಆಸ್ಪತ್ರೆಯ ಡೊನಾಲ್ಡ್ ಬಾಲ್ಫರ್ 1922ರಲ್ಲೇ ಬರೆದಿದ್ದರು. ಅನಂತರ ಬೇರೆ ಬೇರೆ ದೇಶಗಳಲ್ಲಿ ಸಾವಿರಾರು ಜನರನ್ನು ಹಲವು ವರ್ಷ ಹಿಂಬಾಲಿಸಿ ನೋಡಿದ್ದಾರೆ. ಮೊದಲ ಹದಿನೈದು ವರ್ಷಗಳಲ್ಲಿ ಇವರಿಗೂ ಇತರರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಹದಿನೈದು ಇಪ್ಪತ್ತು ವರ್ಷ ದಾಟಿದ ಮೇಲೆ ಅಪಾಯ ಮೆಲ್ಲಗೆ ಏರುತ್ತದೆ, ಇತರರಿಗಿಂತ ಸುಮಾರು ಎರಡು ಮೂರು ಪಟ್ಟಿನವರೆಗೂ ಹೋಗುತ್ತದೆ. ಕರುಳಿನ ಹುಣ್ಣಿಗೆ ಆಪರೇಷನ್ ಆದವರಿಗಿಂತ ಜಠರದ್ದೇ ಹುಣ್ಣಿಗೆ ಆದವರಲ್ಲಿ ಅಪಾಯ ಹೆಚ್ಚು. ಗಂಡಸರಲ್ಲಿ ಈ ರೋಗ ಹೆಚ್ಚು ಕಾಣುತ್ತದೆ.

ಈ ಲೆಕ್ಕವನ್ನು ನಮ್ಮ ಊರಿಗೆ ಹಚ್ಚಿ ನೋಡಿ. 1980ರ ಸುಮಾರಿನಲ್ಲಿ ಮೂವತ್ತರ ಹರೆಯದಲ್ಲಿ ಆಪರೇಷನ್ ಆದ ರೈತನಿಗೆ ಈಗ ಎಪ್ಪತ್ತು ಕಳೆದಿದೆ. ನಲವತ್ತು ವರ್ಷದ ಮೇಲಾಯಿತು. ಕೊಯ್ದ ವೈದ್ಯರು ನಿವೃತ್ತರಾಗಿದ್ದಾರೆ, ಆಸ್ಪತ್ರೆಯ ಕಡತ ಗೆದ್ದಲಿಗೆ ಹೋಗಿರಬಹುದು, ರೋಗಿಯೇ ಮರೆತಿದ್ದಾನೆ. ಅಪಾಯದ ಕಾಲ ಬರುವ ಹೊತ್ತಿಗೆ ಸರಿಯಾಗಿ ನೆನಪು ಅಳಿಸಿರುತ್ತದೆ. ಈ ಆಪರೇಷನ್ನುಗಳು ಈಗ ಬಹಳ ಅಪರೂಪವಾದುದರಿಂದ ಎಳೆಯ ವೈದ್ಯರಿಗೂ ಕೇಳಬೇಕೆಂದು ಥಟ್ಟನೆ ಹೊಳೆಯದಿರಬಹುದು.

ಕ್ಯಾನ್ಸರಿಗಾಗಿಯೇ ಜಠರದ ಒಂದು ಭಾಗ ತೆಗೆಸಿಕೊಂಡವರ ವಿಷಯ ಬೇರೆ. ಅವರ ಉಳಿದ ಜಠರವೂ ಅದೇ ಕೆಟ್ಟ ನೆಲದ್ದೇ ಆದುದರಿಂದ, ಹೊಸ ಗಂತಿ ಏಳುವುದಾದರೆ ಇಷ್ಟು ಕಾಲ ಕಾಯುವುದಿಲ್ಲ, ಸುಮಾರು ಹತ್ತು ವರ್ಷದೊಳಗೇ ಕಾಣಬಹುದು. ಅಂಥವರು ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ತೋರಿಸಿಕೊಳ್ಳುತ್ತಿರಬೇಕು.

ಲಕ್ಷಣಗಳು, ಮತ್ತು ಮೋಸಹೋಗುವ ಬಗೆ

ಮೊದಮೊದಲು ಯಾವ ಲಕ್ಷಣವೂ ಇರುವುದಿಲ್ಲ. ಆಮೇಲೆ ಬರುವವೂ ಸಾಮಾನ್ಯವಾದವುಗಳೇ. ಹಸಿವು ಕಡಿಮೆ, ಎರಡು ತುತ್ತಿಗೆ ಹೊಟ್ಟೆ ತುಂಬಿದಂತೆ, ತೂಕ ಇಳಿಯುವುದು, ವಾಂತಿ, ಮಲ ಡಾಂಬರಿನಂತೆ ಕಪ್ಪಾಗುವುದು, ರಕ್ತ ಕಡಿಮೆಯಾಗಿ ಮುಖ ಬಿಳುಚುವುದು, ನಡೆದರೆ ಏದುಸಿರು. ಗಂತಿ ಮೇಲುಭಾಗಕ್ಕೆ ಹಬ್ಬಿದರೆ ನುಂಗುವಾಗ ತಡೆಯುತ್ತದೆ.

ಇಲ್ಲಿ ಒಂದು ಗೋಜಲುಂಟು. ಜಠರ ಕತ್ತರಿಸಿದವರಿಗೆ ಕ್ಯಾನ್ಸರ್ ಇಲ್ಲದೆಯೂ ರಕ್ತ ಕಡಿಮೆಯಾಗುತ್ತದೆ. ಆಮ್ಲ ಕಡಿಮೆಯಾದುದರಿಂದ ಆಹಾರದ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಬಿ ಹನ್ನೆರಡು ಎಂಬ ಜೀವಸತ್ವವೂ ಸಾಲದೆ ಬರುತ್ತದೆ, ಕಾಲು ಜೋಮು ಹಿಡಿಯುತ್ತದೆ. ಸುಣ್ಣದ ಅಂಶ ಹೀರುವುದು ಕಡಿಮೆಯಾಗಿ ಎಲುಬು ಟೊಳ್ಳಾಗುತ್ತದೆ. ಇವಕ್ಕೆ ಮಾತ್ರೆ, ಸೂಜಿ ಉಂಟು, ಹಾಕಿಸಿಕೊಳ್ಳಲೇಬೇಕು. ಮೋಸವಾಗುವುದು ಎಲ್ಲಿ ಎಂದರೆ, ಹಿರಿಯರು ಸುಸ್ತೆಂದಾಗ ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದುಕೊಟ್ಟು ವರ್ಷಗಟ್ಟಲೆ ನುಂಗಿಸುವುದು. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಒಳಗೆ ರಕ್ತ ಸೋರಿ ಕಪ್ಪಾದರೂ "ಮಾತ್ರೆಯಿಂದ" ಎಂದು ಸುಮ್ಮನಾಗಿಬಿಡುತ್ತಾರೆ. ಕೆರೆಯ ನೀರು ಇಳಿಯುತ್ತಿದ್ದರೆ ನೀರು ತಂದು ತುಂಬುವ ಮುನ್ನ ಏರಿಯಲ್ಲಿ ಮಂಗೆ ಬಿದ್ದಿದೆಯೇ ಎಂದು ನೋಡುವುದಿಲ್ಲವೇ? ಹಾಗೆಯೇ ಇಲ್ಲಿಯೂ ರಕ್ತ ಏಕೆ ಕಡಿಮೆಯಾಯಿತೆಂದು ಮೊದಲು ನೋಡಿಸಬೇಕು. ಇನ್ನು ಕೆಲವರು ಹೊಟ್ಟೆ ಕೆಟ್ಟಿತೆಂದು "ಗ್ಯಾಸ್" ಮಾತ್ರೆಯನ್ನೇ ನುಂಗುತ್ತ ತಿಂಗಳುಗಳನ್ನು ಕಳೆಯುತ್ತಾರೆ. ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಈ ಗ್ಯಾಸ್ ಮಾತ್ರೆಯ ಕಂಡರೆ.

ಮಾಡಬೇಕಾದುದು

ಪರೀಕ್ಷೆ ಒಂದೇ. ಬೆಳಕಿರುವ ತೆಳುವಾದ ಕೊಳವೆಯನ್ನು ಬಾಯಿಯ ಮೂಲಕ ಬಿಟ್ಟು ಜಠರದ ಒಳಗನ್ನು ಕಣ್ಣಾರೆ ನೋಡುವ ಎಂಡೋಸ್ಕೋಪಿ. ಹಿಂದಿನ ರಾತ್ರಿಯಿಂದ ಉಪವಾಸವಿರಬೇಕು, ಗಂಟಲಿಗೆ ಮರವಟ್ಟಿಸುವ ಔಷಧ ಹಾಕುತ್ತಾರೆ, ಕೆಲವೇ ನಿಮಿಷಗಳ ಕೆಲಸ. ಹೊಲಿಗೆಯ ಅಂಚಿನಲ್ಲಿ ಮೇಲುನೋಟಕ್ಕೆ ಸರಿಯಾಗಿ ಕಂಡರೂ ಅಲ್ಲಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ ತುಣುಕುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಒಳ್ಳೆಯದು. ತುಣುಕು ತೆಗೆದರೆ ರೋಗ ಕೆರಳುತ್ತದೆ ಎಂಬ ಮಾತು ಹಳ್ಳಿಗಳಲ್ಲಿದೆ. ಅದು ಸುಳ್ಳು.

ಹಳೆಯ ಆಪರೇಷನ್ ಆದವರೆಲ್ಲರೂ ವರ್ಷವರ್ಷವೂ ಈ ಪರೀಕ್ಷೆ ಮಾಡಿಸಲೇಬೇಕೆಂಬ ಒಮ್ಮತ ವೈದ್ಯರಲ್ಲಿ ಇಲ್ಲ. ಆದರೆ ಆಪರೇಷನ್ ಆಗಿ ಹದಿನೈದು ಇಪ್ಪತ್ತು ವರ್ಷ ಕಳೆದವರು ಒಮ್ಮೆಯಾದರೂ ವೈದ್ಯರ ಜೊತೆ ಈ ವಿಷಯ ಮಾತನಾಡಬೇಕು. ಮೇಲೆ ಹೇಳಿದ ಲಕ್ಷಣಗಳಲ್ಲಿ ಯಾವುದೊಂದು ಕಂಡರೂ ಸುಗ್ಗಿ ಮುಗಿಯಲಿ, ಹಬ್ಬ ಮುಗಿಯಲಿ ಎಂದು ಮುಂದೂಡಬಾರದು. ಹೆಲಿಕೊಬ್ಯಾಕ್ಟರ್ ಇದ್ದರೆ ಅದಕ್ಕೆ ಮಾತ್ರೆ ಕೊಡುತ್ತಾರೆ, ಮಧ್ಯದಲ್ಲಿ ಬಿಡದೆ ಪೂರ್ತಿ ನುಂಗಬೇಕು.

ಬೇಗ ಸಿಕ್ಕಿದರೆ, ಗಂತಿ ಒಳಪೊರೆಯಲ್ಲೇ ಇದ್ದಾಗ, ದೊಡ್ಡ ಆಸ್ಪತ್ರೆಗಳಲ್ಲಿ ಕೆಲವೊಮ್ಮೆ ಕೊಳವೆಯ ಮೂಲಕವೇ ಅದನ್ನು ಕೆತ್ತಿ ತೆಗೆಯುತ್ತಾರೆ. ಇಲ್ಲವಾದರೆ ಉಳಿದ ಜಠರವನ್ನೂ ಪೂರ್ತಿ ತೆಗೆದು ಅನ್ನನಾಳಕ್ಕೆ ಕರುಳನ್ನು ಸೇರಿಸುತ್ತಾರೆ. ಜಠರವಿಲ್ಲದೆ ಮನುಷ್ಯ ಬದುಕಬಹುದೇ ಎಂದು ಕೇಳುತ್ತೀರಿ. ಬದುಕಬಹುದು, ದಿನಕ್ಕೆ ಆರು ಏಳು ಸಲ ಸ್ವಲ್ಪಸ್ವಲ್ಪ ಉಂಡು, ಬಿ ಹನ್ನೆರಡರ ಸೂಜಿ ತಪ್ಪದೆ ಹಾಕಿಸಿಕೊಂಡರೆ. ತಡವಾಗಿ ಬಂದವರಿಗೆ ಈ ದಾರಿಯೂ ಇರುವುದಿಲ್ಲ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆ 1973ರಿಂದ ಕ್ಯಾನ್ಸರಿಗಾಗಿಯೇ ಇರುವ ಆಸ್ಪತ್ರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಗಳಿಗೆ ಖರ್ಚಿನ ನೆರವು ಉಂಟು. ರೇಷನ್ ಕಾರ್ಡು, ಆಧಾರ್ ಕಾರ್ಡು ಹಿಡಿದು ಮೊದಲು ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಕಾಗದ ಬರೆಸಿಕೊಂಡು ಮುಂದೆ ಹೋಗುವುದು ಸರಿಯಾದ ದಾರಿ.

ಈ ವಾರ ಮನೆಯಲ್ಲಿ ಒಂದು ಕೆಲಸ ಮಾಡಿ. ಹೊಟ್ಟೆಯ ಮೇಲೆ ಹೊಲಿಗೆಯ ಗುರುತಿರುವ ಹಿರಿಯರ ಪಕ್ಕದಲ್ಲಿ ಕುಳಿತು ಕೇಳಿ: ಯಾವ ವರ್ಷ ಆಯಿತು, ಯಾವ ಊರಿನ ಆಸ್ಪತ್ರೆ, ಹೊಟ್ಟೆ ಕತ್ತರಿಸಿ ತೆಗೆದರೋ, ಕರುಳು ಸೇರಿಸಿದರೋ. ವರ್ಷ ನೆನಪಿಲ್ಲದಿದ್ದರೆ ಯಾವ ಮಗು ಹುಟ್ಟಿದ ವರ್ಷ, ಯಾವ ಬರಗಾಲದ ವರ್ಷ ಎಂದು ಕೇಳಿದರೆ ಹೇಳುತ್ತಾರೆ. ಹಳೆಯ ಚೀಟಿ ಇದ್ದರೆ ಪಹಣಿ, ಖಾತೆಯ ಕಾಗದಗಳಿರುವ ಪೆಟ್ಟಿಗೆಯಲ್ಲೇ ಅದನ್ನೂ ಇಡಿ. ಇಲ್ಲದಿದ್ದರೆ ಅವರು ಹೇಳಿದ್ದನ್ನೇ ಒಂದು ಹಾಳೆಯಲ್ಲಿ ಬರೆದಿಡಿ. ಇನ್ನು ಮುಂದೆ ನೆಗಡಿಗೆಂದು ವೈದ್ಯರ ಬಳಿ ಹೋದರೂ ಆ ಹಾಳೆಯನ್ನು ತೋರಿಸಿ. ಎಂಡೋಸ್ಕೋಪಿ ಆಗಿ ತುಣುಕು ತೆಗೆದಿದ್ದರೆ, ಅದರ ವರದಿ ಬರಲು ಕೆಲವು ದಿನ ಹಿಡಿಯುತ್ತದೆ. ಬಸ್ಸಿನ ಖರ್ಚು, ದನಕರುಗಳ ಚಿಂತೆ ಎಂದು ಎಷ್ಟೋ ಜನ ಅದನ್ನು ತರಲು ಮತ್ತೆ ಹೋಗುವುದೇ ಇಲ್ಲ. ಆ ವರದಿ ತರುವ ಕೆಲಸವನ್ನು ಮನೆಯಲ್ಲಿ ಓದುಬರಹ ಬಲ್ಲ ಒಬ್ಬರಿಗೆ ಅಂದೇ ಒಪ್ಪಿಸಿಬಿಡಿ, ದಿನಾಂಕವನ್ನು ಗೋಡೆಯ ಪಂಚಾಂಗದ ಮೇಲೆ ಗುರುತು ಹಾಕಿ.